ಮೂರು ತಾಲೂಕಿನ ರೊಟ್ಟಿ ಕರಾರು

ಬರೆಯುವವರಿಗೆಲ್ಲ ಒಂದೇ ಆಸೆ: ತಾವು ಬರೆದದ್ದು ಉಳಿಯಬೇಕು. ಕವಿಗೆ ತನ್ನ ಪದ್ಯ ಉಳಿಯಬೇಕು, ವರದಿಗಾರನಿಗೆ ತನ್ನ ವರದಿ ಸಂಜೆಯ ತನಕವಾದರೂ ಉಳಿಯಬೇಕು, ಬಸ್ ನಿಲ್ದಾಣದ ಗೋಡೆಯ ಮೇಲೆ ‘ಇಲ್ಲಿ ಉಗುಳಬಾರದು’ ಎಂದು ಬರೆದವನಿಗೂ ಮುಂದಿನ ಮಳೆಗಾಲದವರೆಗೆ ಅಕ್ಷರ ಕಾಣಬೇಕು. ನಾನೊಬ್ಬ ಮಾತ್ರ, ನಾನು ಬರೆದದ್ದಕ್ಕೆ ಕವಡೆ ಕಿಮ್ಮತ್ತಿಲ್ಲ, ಅದು ಹುಟ್ಟುವಾಗಲೇ ಸತ್ತ ಬರಹ, ದಯಮಾಡಿ ಹಾಗೆಂದು ಆದೇಶ ಮಾಡಿ ಎಂದು ತುಂಬಿದ ನ್ಯಾಯಾಲಯದಲ್ಲಿ ಕರಿಕೋಟು ತೊಟ್ಟು ನಿಂತು ಕೇಳಿಕೊಂಡವನು. ಕೇಳಿಕೊಂಡದ್ದಷ್ಟೇ ಅಲ್ಲ, ಗೆದ್ದೂ ಬಂದವನು. ನಾವು ವಕೀಲರು ಸೋತ ಕೇಸುಗಳ ಬಗ್ಗೆ ಮಾತಾಡುವುದು ಕಡಿಮೆ. ಗೆದ್ದ ಕೇಸನ್ನು ಮಾತ್ರ ಎದುರಿಗೆ ಕೂತವರು ಎದ್ದು ಹೋಗುವವರೆಗೆ ಹೇಳುತ್ತೇವೆ. ಇದು ಗೆದ್ದ ಕೇಸು, ನೀವು ಸ್ವಲ್ಪ ಆರಾಮಾಗಿ ಕೂತುಕೊಳ್ಳಿ.

ನಾನು ಆಳಂದದಲ್ಲಿ ಸಿವಿಲ್ ವಕೀಲ. ಕ್ರಿಮಿನಲ್ ಕಡೆಗೆ ನಾನು ಹೋಗಲಿಲ್ಲ; ಕಕ್ಷಿದಾರ ಸ್ವಲ್ಪ ದನಿ ಏರಿಸಿದರೆ ನನಗೇ ಅಂಜಿಕೆಯಾಗುತ್ತದೆ. ನನಗೆ ಹೆಸರು ಬಂದದ್ದು ಕರಾರುಪತ್ರ ಬರೆಯುವುದರಲ್ಲಿ. ನಮ್ಮ ಕಡೆ ನಿಜಾಮರು ಹೋಗಿ ಎಷ್ಟೋ ಕಾಲವಾದರೂ ಅವರ ದಾವಾ, ದಸ್ತಾವೇಜು, ವಾರಸುದಾರ, ರಾಜಿನಾಮಾ ಎಲ್ಲ ಕೋರ್ಟಿನ ಅಂಗಳದಲ್ಲೇ ಉಳಿದುಕೊಂಡಿವೆ. ಇಂಥ ನಾಲ್ಕು ಶಬ್ದ ಬೀಳದಿದ್ದರೆ ಕಕ್ಷಿದಾರನಿಗೆ ತನ್ನ ಕಾಗದ ಗಟ್ಟಿಯಾಗಿದೆ ಎಂಬ ಧೈರ್ಯ ಬರುವುದಿಲ್ಲ. ಜೊತೆಗೆ ನನ್ನದೊಂದು ಚಾಳಿ. ‘ಮಾಡಬಾರದು’ ಎಂದು ಒಮ್ಮೆ ಬರೆದು ಬಿಡುವ ಜಾಯಮಾನ ನನ್ನದಲ್ಲ. ಮಾಡಕೂಡದು, ಮಾಡಿಸಕೂಡದು, ಮಾಡುವವರಿಗೆ ನೆರವಾಗಕೂಡದು, ಮಾಡುವವರನ್ನು ಕಂಡೂ ಸುಮ್ಮನಿರಕೂಡದು ಎಂದು ನಾಲ್ಕೂ ದಿಕ್ಕಿಗೆ ಬೇಲಿ ಹಾಕಿದ ಮೇಲೆಯೇ ನನ್ನ ಪೆನ್ನು ಮುಂದೆ ಹೋಗುವುದು. ಓದಿ ಹೇಳುವಾಗ ಕಕ್ಷಿದಾರರ ಕಣ್ಣು ಅರಳುತ್ತದೆ. ಏನು ಬರೆದಿದೆ ಎಂದು ಅವರಿಗೆ ತಿಳಿಯುವುದಿಲ್ಲ, ಆದರೆ ಎದುರಿನವನು ಸಿಕ್ಕಿಬಿದ್ದ ಎಂದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಕರಾರುಗಳಿಗೂ ಕಾಯಿಲೆ ಬರುತ್ತದೆ ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಕಾಯಿಲೆಯಲ್ಲಿ ಎರಡು ಬಗೆ. ಒಂದು ಬಗೆಯದು ಹುಟ್ಟುತ್ತಲೇ ಸತ್ತದ್ದು. ಹದಿನೆಂಟು ತುಂಬದವನ ಕೈಯಿಂದ ಹೊಲ ಬರೆಸಿಕೊಂಡರೆ, ಕಾಯ್ದೆ ಬೇಡವೆಂದ ಕೆಲಸಕ್ಕೆ ಒಪ್ಪಂದ ಮಾಡಿಕೊಂಡರೆ, ಹೊಲದಲ್ಲಿ ಬಾವಿಯಿದೆ ಎಂದು ಕೊಟ್ಟವನೂ ಕೊಂಡವನೂ ನಂಬಿ ಆಮೇಲೆ ಬಾವಿಯೇ ಇಲ್ಲ ಎಂದು ಗೊತ್ತಾದರೆ, ಆ ಕಾಗದ ಶೂನ್ಯ. ಎಂಥ ದುಬಾರಿ ಸ್ಟಾಂಪಿನ ಮೇಲೆ ಬರೆದರೂ ಅದಕ್ಕೆ ಜೀವ ಬರುವುದಿಲ್ಲ. ಇನ್ನೊಂದು ಬಗೆಯದು ಜೀವಂತವಾಗಿರುತ್ತದೆ, ಆದರೆ ಅದರ ಜುಟ್ಟು ಒಬ್ಬರ ಕೈಯಲ್ಲಿರುತ್ತದೆ. ಹೆದರಿಸಿಯೋ, ಮೋಸ ಮಾಡಿಯೋ, ಹಿರಿತನದ ಒತ್ತಡ ಹೇರಿಯೋ ಸಹಿ ಮಾಡಿಸಿದ್ದರೆ, ಆ ಒತ್ತಡಕ್ಕೆ ಸಿಕ್ಕವರು ‘ನನಗಿದು ಬೇಡ’ ಎನ್ನುವವರೆಗೆ ಅದು ನಡೆಯುತ್ತದೆ, ಬೇಡ ಎಂದರೆ ರದ್ದಾಗುತ್ತದೆ. ನರೋಣಾದಿಂದ ಇಬ್ಬರು ಅಣ್ಣತಮ್ಮಂದಿರು ಬಂದು, ತಮ್ಮನಾದವನು ಇನ್ನು ಮುಂದೆ ಅಣ್ಣನ ಮೇಲೆ ಸಿಟ್ಟಾಗಕೂಡದು ಎಂದು ನನ್ನ ಕೈಯಿಂದ ಬಾಂಡ್ ಬರೆಸಿಕೊಂಡು ಹೋಗಿದ್ದರು. ಸುಗ್ಗಿ ಮುಗಿಯುವುದರೊಳಗೆ ಇಬ್ಬರೂ ವಾಪಸು. ತಮ್ಮ ಸಿಟ್ಟಾಗಿದ್ದಾನೆ, ಕರಾರು ಮುರಿದಿದೆ ಎಂದು ಅಣ್ಣನ ವಾದ. ತಮ್ಮನದು ಒಂದೇ ಮಾತು, “ನಾ ಸಿಟ್ಟಾಗಿಲ್ರಿ, ನನ್ನ ಮಾರಿನೇ ಹಿಂಗ ಅದ.” ಏನನ್ನು ಒಪ್ಪಿಕೊಂಡಿದ್ದಾರೆ ಎಂದು ಗೊತ್ತೇ ಆಗದ ಕರಾರು ಶೂನ್ಯ ಎಂದು ವಿವರಿಸಿ, ಇಬ್ಬರಿಗೂ ಚಹಾ ಕುಡಿಸಿ ಕಳಿಸಿದೆ.

ಬೇರೆಯವರ ಕರಾರಿನ ಕಾಯಿಲೆಯನ್ನು ಬಾಗಿಲಲ್ಲೇ ಗುರುತಿಸುವ ನಾನು ನನ್ನ ಮನೆಯೊಳಗೇ ಒಂದನ್ನು ಹುಟ್ಟಿಸಿದ್ದು ಹೇಗೆ ಎನ್ನುವುದೇ ಕಥೆ. ನನ್ನ ಹೆಂಡತಿ ಜಗದೇವಿ. ತವರು ಯಡ್ರಾಮಿ. ಅವಳು ಬಡಿದ ಜೋಳದ ಖಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಕೂತವರ ಮುಖ ಕಾಣುತ್ತದೆ ಎಂದು ನಾನು ಹೇಳಿದರೆ ಹೆಂಡತಿಯ ಮೇಲಿನ ಮಮತೆ ಎಂದುಕೊಳ್ಳುತ್ತೀರಿ, ಅದಕ್ಕೇ ಹೇಳುವುದಿಲ್ಲ. ಸಂಬಂಧಿಕರ ಮದುವೆಯೊಂದಕ್ಕೆ ಪ್ರೀತಿಯಿಂದ ಮಾಡಿಕೊಟ್ಟದ್ದು ಊರೆಲ್ಲ ಸುದ್ದಿಯಾಗಿ, ಕೇಳುವವರು ಹೆಚ್ಚಾಗಿ, ಕೊನೆಗೆ ಹಿತ್ತಲಲ್ಲಿ ತಗಡಿನ ಮಾಡು ಹಾಕಿಸಿ ಸಾಲಾಗಿ ಒಲೆ ಹೂಡಿದಳು. ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಕೂಡಿಕೊಂಡರು. ಅವರಲ್ಲಿ ಗಂಡನಿಲ್ಲದ ಗುರುಬಾಯಿ ಇದ್ದಳು, ಗಂಡನಿದ್ದೂ ಇಲ್ಲದಂತಿದ್ದ ನೀಲಮ್ಮನೂ ಇದ್ದಳು. ನಮ್ಮ ಮನೆಯಲ್ಲಿ ಬೆಳಗು ಹರಿಯುತ್ತಿದ್ದುದೇ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಆ ಸಪ್ಪಳದಲ್ಲೇ ನಾನು ದಾವೆಗಳನ್ನು ಬರೆದು ರೂಢಿಯಾಗಿತ್ತು, ಕಚೇರಿಯ ನಿಶ್ಶಬ್ದದಲ್ಲಿ ನನಗೆ ವಾಕ್ಯವೇ ಹೊಳೆಯುತ್ತಿರಲಿಲ್ಲ.

ಅಫಜಲಪುರದಲ್ಲಿ ಖಾನಾವಳಿ ಇಟ್ಟುಕೊಂಡಿರುವ ಮಲ್ಕಣ್ಣ ಎಂಬ ಸಾವಕಾರರು ಒಂದು ದಿನ ಮನೆಗೆ ಬಂದರು. ಜೇವರ್ಗಿಯಲ್ಲಿ ಇನ್ನೊಂದು ಖಾನಾವಳಿ ತೆರೆಯುವ ತಯಾರಿಯಲ್ಲಿದ್ದರು. ಜಗದೇವಿಯ ರೊಟ್ಟಿ ಎರಡೂ ಕಡೆಗೆ ಬೇಕು ಎಂದರು. ಅವಳಿಗೆ ಬೇಡವೆನ್ನಲು ಕಾರಣವಿರಲಿಲ್ಲ. ಎಲ್ಲ ಅಲ್ಲಿಗೇ ಮುಗಿದು, ಮಲ್ಕಣ್ಣ ಚಹಾ ಕುಡಿದು ಎದ್ದು ಹೋಗಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವರು ಎದ್ದವರು ಮತ್ತೆ ಕೂತರು.

“ವಕೀಲಸಾಬ್ರ, ನಂದೊಂದು ಅಂಜಿಕಿ ಅದರಿ. ಅಕ್ಕೋರ ರೊಟ್ಟಿಗಿ ನಾ ಗಿರಾಕಿ ಹಚ್ಚತೇನಿ. ನಾಳಿ ಇವ್ರು ನನ್ನ ಬಿಟ್ಟು ಬಾಜೂ ಖಾನಾವಳಿಗಿ ಕೊಟ್ರ ನಾ ಎಲ್ಲಿ ಹೋಗ್ಲಿ? ಒಂದು ಪಕ್ಕಾ ಬಾಂಡ್ ಬರೀರಿ. ನಿಮ್ಮಂಗ ಬರಿಯೋರು ಈ ಮೂರೂ ತಾಲೂಕಿನ್ಯಾಗ ಯಾರೂ ಇಲ್ಲಂತ ಮಂದಿ ಅಂತಾರ.”

ಆ ಕೊನೆಯ ಮಾತು ಹೇಳದೆ ಇದ್ದಿದ್ದರೆ ನನ್ನ ಬುದ್ಧಿ ನೆಟ್ಟಗೆ ಇರುತ್ತಿತ್ತು. ನಾನು ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ, ನಾನು ಇಲ್ಲಿ ಯಾರ ವಕೀಲ ಎಂಬುದು. ಹೆಂಡತಿಯ ವಕೀಲನೋ, ಮಲ್ಕಣ್ಣನ ವಕೀಲನೋ? ಆ ಹೊತ್ತು ನಾನು ನನ್ನ ಪೆನ್ನಿನ ವಕೀಲನಾಗಿದ್ದೆ. ಹೆಂಡತಿಯ ಪರ ಬರೆದ ಎಂದು ನಾಳೆ ಯಾರೂ ಆಡಿಕೊಳ್ಳಬಾರದು ಎಂಬ ಹುರುಪಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಬರೆದೆ. ಎಷ್ಟು ದಿನ ಬೇಕಾದರೂ ರೊಟ್ಟಿ ಕೊಡುವುದು, ತೆಗೆದುಕೊಳ್ಳುವುದು, ಯಾರಿಗೆ ಬೇಡವಾದರೂ ತಿಳಿಸಿ ನಿಲ್ಲಿಸುವುದು, ಇದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ಬಂತು ನನ್ನ ಬೇಲಿ: ‘ಈ ಕರಾರು ನಿಂತ ನಂತರ ಸದರಿ ಜಗದೇವಿಯವರು ಜೋಳದ ರೊಟ್ಟಿಯನ್ನು ತಯಾರಿಸುವುದಾಗಲಿ, ತಯಾರಿಸಿಕೊಡುವುದಾಗಲಿ, ತಯಾರಿಸುವವರಿಗೆ ಹಿಟ್ಟು, ನೀರು, ಬೆಂಕಿ, ಸಲಹೆ ಮುಂತಾದ ಯಾವುದೇ ನೆರವು ನೀಡುವುದಾಗಲಿ, ಮಾರಾಟದ ಸಲುವಾಗಲಿ, ಅನ್ಯ ಯಾವುದೇ ಕಾರಣಕ್ಕಾಗಲಿ, ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳ ಸರಹದ್ದಿನೊಳಗೆ, ಸೂರ್ಯಚಂದ್ರರಿರುವವರೆಗೆ ಮಾಡಕೂಡದು.’

ಓದಿ ಹೇಳಿದೆ. ಮಲ್ಕಣ್ಣ ತೊಡೆ ತಟ್ಟಿಕೊಂಡು, “ಏನ್ ಬರದೀರಿ ಸಾಬ್ರ! ಗಾಳಿ ಸುದಾ ತೂರಂಗಿಲ್ಲ,” ಎಂದರು. ನನಗೆ ನಾಚಿಕೆಯಾದಂತೆ ಆಯಿತು, ಆದರೂ ಇನ್ನೊಮ್ಮೆ ಹೇಳಲಿ ಎನಿಸಿತು. ಜಗದೇವಿ ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಬಂದಳು. ಪೂರ್ತಿ ಓದಿ ನೋಡು ಎಂದೆ. “ನೀವು ಬರದೀರಿ ಅಂದ ಮ್ಯಾಲ ಓದೂದೇನದರಿ,” ಎಂದು ಸಹಿ ಹಾಕಿ ಒಲೆಯ ಮುಂದೆ ಹೋಗಿ ಕೂತಳು.

ವ್ಯವಹಾರ ಚೆನ್ನಾಗಿಯೇ ನಡೆಯಿತು. ಖಾನಾವಳಿಯ ಬಾಗಿಲಿಗೆ ‘ಜಗದೇವಕ್ಕನ ರೊಟ್ಟಿ’ ಎಂಬ ಬೋರ್ಡೂ ಬಂತು. ಆಮೇಲೆ ಯಾರೋ ಮಲ್ಕಣ್ಣನ ತಲೆಗೆ ರೊಟ್ಟಿ ಮಾಡುವ ಮಷೀನಿನ ಹುಳ ಬಿಟ್ಟರು. ಮಷೀನು ಬಂತು, ಅದರ ಪೂಜೆಯಾಯಿತು, ಪೂಜೆಗೆ ನಾವೂ ಹೋಗಿ ಬಂದೆವು. ಮರುದಿನ ಫೋನು ಬಂತು, “ಇನ್ನ ಮ್ಯಾಲ ರೊಟ್ಟಿ ಬ್ಯಾಡ್ರಿ ಅಕ್ಕೋರ, ನಮ್ಮಲ್ಲೇ ಬರಾಕತ್ತಾವ.” ಜಗದೇವಿ ಬೇಸರ ಮಾಡಿಕೊಳ್ಳಲಿಲ್ಲ. ಆಳಂದದಲ್ಲೇ ಕೊಳ್ಳುವವರು ಸಿಕ್ಕರು. ಮದುವೆ ಮನೆಗಳು, ಬಸ್ ನಿಲ್ದಾಣದ ಹೋಟೆಲು, ಊರಿಗೆ ಹೋಗುವಾಗ ಕಟ್ಟಿಸಿಕೊಂಡು ಹೋಗುವವರು. ಅತ್ತ ಮಷೀನಿನ ರೊಟ್ಟಿಯ ಪಾಡು ಬೇರೆಯಾಗಿತ್ತು. ಮುರಿದರೆ ಮುರಿಯದು, ಸಾರಿನಲ್ಲಿ ನೆನೆಸಿದರೆ ನೆನೆಯದು. ಗಿರಾಕಿಗಳು ಬೋರ್ಡು ತೋರಿಸಿ ಅಕ್ಕ ಎಲ್ಲಿ ಎಂದು ಕೇಳತೊಡಗಿದರಂತೆ. ಅದೇ ದಿನಗಳಲ್ಲಿ ಮಲ್ಕಣ್ಣ ಮನೆಯವರನ್ನು ಕರೆದುಕೊಂಡು ಸೊನ್ನಕ್ಕೆ ಬ್ಯಾರೇಜ್ ನೋಡಲು ಹೋಗಿದ್ದಾರೆ. ಭೀಮೆಯ ದಂಡೆಯಲ್ಲಿ ಯಾವುದೋ ಕುಟುಂಬ ಬುತ್ತಿ ಬಿಚ್ಚಿ ಕೂತಿದೆ. ಬರ್ರಿ ಊಟ ಮಾಡ್ರಿ ಎಂದು ಕರೆದಿದ್ದಾರೆ, ನಮ್ಮ ಕಡೆ ಕರೆಯದೆ ಉಣ್ಣುವವರಿಲ್ಲ. ಮಲ್ಕಣ್ಣ ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿಕೊಂಡದ್ದೇ ಇದು ಜಗದೇವಿಯ ಕೈಯದೆಂದು ಗುರುತಿಸಿ, ನೀರು ನೋಡುವುದನ್ನು ಬಿಟ್ಟು ನೇರವಾಗಿ ವಕೀಲರಲ್ಲಿಗೆ ಹೋದರು.

ನೋಟಿಸು ಜಗದೇವಿಯ ಹೆಸರಿಗೆ ಬಂತು. ನಾನೇ ಒಡೆದು ಓದಿದೆ. ಅದರಲ್ಲಿ ಒಂದು ಉದ್ದನೆಯ ವಾಕ್ಯವಿತ್ತು. ಓದುತ್ತ ಓದುತ್ತ, ಭಲೆ, ಎಷ್ಟು ಗಟ್ಟಿಯಾಗಿ ಬರೆದಿದ್ದಾನೆ ಮಗ, ಎಲ್ಲೂ ಸಂದಿಲ್ಲವಲ್ಲ ಎಂದು ಮನಸಾರೆ ಮೆಚ್ಚಿಕೊಂಡೆ. ಅರ್ಧಕ್ಕೆ ಬಂದಾಗ ಅದು ನನ್ನದೇ ವಾಕ್ಯ ಎಂದು ಹೊಳೆಯಿತು.

ವಿಷಯ ತಿಳಿದ ಜಗದೇವಿ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ನನಗೆ ವಾದ ಮಾಡುವ ಅವಕಾಶವಾದರೂ ಇರುತ್ತಿತ್ತು. ಹೆಣ್ಣುಮಕ್ಕಳಿಗೆ ನಾಳೆಯಿಂದ ಬರಬೇಡಿ ಎಂದಳು. ಗುರುಬಾಯಿ ಸೆರಗು ಕೊಡವಿಕೊಂಡು ಎದ್ದು ಹೋದಳು. ಮಧ್ಯಾಹ್ನ ನಾನು ಕೋರ್ಟಿನಿಂದ ಬಂದು ತಾಟಿನ ಮುಂದೆ ಕೂತರೆ ಬೆಳ್ಳಗೆ ಏನೋ ಗುಡ್ಡೆಯಾಗಿ ಬಿದ್ದಿತ್ತು.

“ಇದೇನದು?”

“ಅನ್ನ.”

“ರೊಟ್ಟಿ?”

“ಅನ್ಯ ಯಾವುದೇ ಕಾರಣಕ್ಕಾಗಲಿ ಅಂತ ನೀವೇ ಬರದೀರಲ್ರೀ. ಗಂಡಗ ಹಾಕೂದು ಅದರಾಗ ಬರತದೋ ಇಲ್ಲೋ? ನಾಳಿ ಆ ಮಲ್ಕಣ್ಣ ಬಂದು ನಿಮ್ಮ ತಾಟಿನ್ಯಾಗ ಇಣುಕಿ ನೋಡಿದ್ರ?”

ಕಲಬುರಗಿ ಸೀಮೆಯ ಗಂಡಸಿಗೆ ರೊಟ್ಟಿಯಿಲ್ಲದ ಊಟ ಊಟವಲ್ಲ, ಜ್ವರ ಬಂದಾಗಿನ ಪಥ್ಯ. ಪುಂಡಿಪಲ್ಯವನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುವ ಹಣೆಬರಹ ಶತ್ರುವಿಗೂ ಬೇಡ. ಮೊದಲೆರಡು ದಿನ ನಾನು ಗಂಭೀರವಾಗಿ ಉಂಡೆ. ಆಮೇಲೆ ಊಟದ ವೇಳೆಗೆ ಸರಿಯಾಗಿ ಗೆಳೆಯರ ಮನೆಗೆ ಕೇಸಿನ ವಿಚಾರ ಮಾತಾಡಲು ಹೋಗತೊಡಗಿದೆ. ಕೇಸಿಲ್ಲದ ಗೆಳೆಯರ ಮನೆಗೂ ಹೋದೆ. ಅವರ ಮನೆಯ ಹೆಣ್ಣುಮಕ್ಕಳು ರೊಟ್ಟಿ ಹಾಕುತ್ತ, “ಜಗದೇವಕ್ಕಗ ಆರಾಮಿಲ್ಲೇನ್ರಿ?” ಎಂದು ಕೇಳಿದರೆ ಇನ್ನೊಂದು ರೊಟ್ಟಿ ಬೇಡಿ ಮಾತು ತೇಲಿಸುತ್ತಿದ್ದೆ. ನೀನು ಮನೆ ಮಟ್ಟಿಗೆ ಮಾಡಿದರೆ ಯಾವ ನ್ಯಾಯಾಧೀಶರೂ ಏನೂ ಅನ್ನುವುದಿಲ್ಲ ಎಂದು ಎಷ್ಟು ಹೇಳಿದರೂ ಜಗದೇವಿ ಒಪ್ಪಲಿಲ್ಲ. ಬರೆದದ್ದು ಬರೆದದ್ದೇ ಎಂದಳು. ನನ್ನ ಬರಹದ ಮೇಲೆ ಅಷ್ಟು ಗೌರವ ಇಟ್ಟವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಒಂದು ಭಾನುವಾರ ಅವಳೇ, “ನಡೀರಿ, ನಮ್ಮ ಅಕ್ಕನ ಮನಿಗಿ ಹೋಗಿ ಬರೂಣು,” ಎಂದಳು. ಬಸ್ಸು ಬದಲಿಸುತ್ತ ಯಡ್ರಾಮಿ ಮುಟ್ಟಿದೆವು. ಅಕ್ಕನ ಮನೆಯ ಹೊಸ್ತಿಲು ದಾಟಿದವಳೇ ಕೈಕಾಲು ತೊಳೆದುಕೊಂಡು ಹಂಚು ಇಟ್ಟು ಹಿಟ್ಟು ನಾದಲು ಕೂತಳು. ನಾನು ಗಾಬರಿಯಾಗಿ, ಇದು ಜೇವರ್ಗಿ ತಾಲೂಕಲ್ಲವೇ ಎಂದೆ. “ಅದು ಮೊದಲಿನ ಮಾತು. ಈಗ ಯಡ್ರಾಮಿನೇ ತಾಲೂಕ ಆಗ್ಯದ. ನೀವು ಜೇವರ್ಗಿ ಅಂತ ಬರದೀರಿ, ಯಡ್ರಾಮಿ ಅಂತ ಬರದಿಲ್ಲ. ಉಣ್ರಿ ಸುಮ್ಮ,” ಎಂದಳು. ಸರಕಾರ ಹೊಸ ತಾಲೂಕುಗಳನ್ನು ಯಾಕೆ ಮಾಡುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಶೇಂಗಾ ಹಿಂಡಿ, ಮೊಸರು, ಒಲೆಯಿಂದ ನೇರವಾಗಿ ತಾಟಿಗೆ ಬಂದ ಬಿಸಿ ರೊಟ್ಟಿ. ನಾನು ಲೆಕ್ಕ ಇಡದೆ ಉಂಡೆ. ಉಂಡು ಕೈ ತೊಳೆಯುವಾಗ ನೋಡಿದರೆ ಜಗದೇವಿ ಬಡಿಯುವುದನ್ನು ನಿಲ್ಲಿಸಿ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಕಣ್ಣು ತುಂಬಿತ್ತು. ಹೊಗೆ ಎಂದಳು. ಅಕ್ಕನ ಮನೆಯಲ್ಲಿ ಇದ್ದದ್ದು ಗ್ಯಾಸ್ ಒಲೆ.

ಅಂದಿನಿಂದ ನನಗೆ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾದೀತು, ಆದರೆ ನೆಮ್ಮದಿಯಂತೂ ಇರಲಿಲ್ಲ. ನನ್ನ ಹೆಂಡತಿಯ ಕೈ ಕಟ್ಟಿಹಾಕಿದವನು ಮಲ್ಕಣ್ಣನಲ್ಲ, ನಾನು. ಬಿಡಿಸಬೇಕಾದವನೂ ನಾನೇ. ಆದರೂ ನನ್ನ ಜಂಬ ನೋಡಿ: ನನ್ನ ವಾಕ್ಯಕ್ಕೆ ಪೆಟ್ಟಾಗದಂತೆ ಹೆಂಡತಿಯನ್ನು ಬಿಡಿಸುವ ದಾರಿಗಳನ್ನೇ ಮೊದಲು ಹುಡುಕಿದೆ. ಮಲ್ಕಣ್ಣ ಮೋಸ ಮಾಡಿದರು ಎನ್ನೋಣವೆಂದರೆ ಅವರು ಮಾಡಿರಲಿಲ್ಲ. ತಪ್ಪು ತಿಳುವಳಿಕೆಯಿಂದ ಸಹಿಯಾಯಿತು ಎನ್ನೋಣವೆಂದರೆ ರೊಟ್ಟಿ ಎಂದರೇನು ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅನುಚಿತ ಪ್ರಭಾವ ಎಂಬುದೊಂದು ಉಳಿಯಿತು. ಒಬ್ಬರ ಮೇಲೆ ಒಬ್ಬರಿಗೆ ಹಿಡಿತವಿದ್ದು, ಆ ಹಿಡಿತ ಬಳಸಿ ಸಹಿ ಮಾಡಿಸಿದ್ದರೆ ಕರಾರು ರದ್ದು ಮಾಡಿಸಬಹುದು. ಜಗದೇವಿಯನ್ನು ಕೂಡಿಸಿಕೊಂಡು ಹೇಳಿದೆ, “ನೋಡು, ಗಂಡನ ಪ್ರಭಾವಕ್ಕೆ ಸಿಕ್ಕು, ಅವನ ಮಾತು ಮೀರಲಾರದೆ ಸಹಿ ಮಾಡಿದೆ ಅಂತ ನೀನು ಕೋರ್ಟಿನಲ್ಲಿ ಹೇಳಬೇಕು.” ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಟಿಸು ಬಂದ ಮೇಲೆ ಮೊದಲ ಸಲ ನಕ್ಕಳು.

“ನಿಮ್ಮ ಪ್ರಭಾವಾ? ನನ್ನ ಮ್ಯಾಲಾ? ಆ ಕೋರ್ಟಿನ್ಯಾಗ ನಮ್ಮ ಓಣಿ ಮಂದಿ ಇರ್ತಾರ್ರಿ, ನಗತಾರ.”

ನಗು ನಿಂತ ಮೇಲೆ ಅವಳ ದನಿ ಬದಲಾಯಿತು. “ನಿಮಗ ನಿಮ್ಮ ಬಾಂಡ್ ಗಟ್ಟಿ ಇರಬೇಕು, ನನ್ನ ಒಲಿನೂ ಹತ್ತಬೇಕು ಅಂದ್ರ ಆಗಂಗಿಲ್ರಿ. ಗುರುಬಾಯಿ ಮಂದಿ ಹೊಲಕ್ಕ ಕೂಲಿ ಹೊಂಟಾಳ. ಯಾವದು ಬೇಕು ಹೇಳ್ರಿ.”

ಯಾವುದು ಬೇಕು ಎಂದು ನನಗೆ ಮೊದಲೇ ಗೊತ್ತಿತ್ತು, ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. ಕರಾರು ಕಾಯ್ದೆಯ ಇಪ್ಪತ್ತೇಳನೆಯ ಕಲಂ ನನಗೆ ವಿದ್ಯಾರ್ಥಿಯಾಗಿದ್ದಾಗಿನಿಂದ ಬಾಯಿಪಾಠ. ಯಾರೊಬ್ಬರನ್ನೂ ಅವರ ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ, ಉದ್ಯೋಗ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಹೆದರಿಸಿ ಬರೆಸಿಕೊಂಡರೂ ಶೂನ್ಯ, ನಗುನಗುತ್ತ ಬರೆದುಕೊಟ್ಟರೂ ಶೂನ್ಯ. ತನ್ನ ವ್ಯಾಪಾರದ ಹೆಸರನ್ನೇ, ಗಿರಾಕಿಗಳ ವಿಶ್ವಾಸ ಸಮೇತ, ಇನ್ನೊಬ್ಬರಿಗೆ ಮಾರಿಬಿಟ್ಟವರಿಗೆ ಮಾತ್ರ ಒಂದು ಮಿತಿಯೊಳಗೆ ತಡೆ ಹಾಕಬಹುದು. ಅಂದರೆ ಆಳಂದದ ಕರಾರು ಪಂಡಿತನೆಂದು ಹೆಸರಾದ ನಾನು, ಬಾಗಿಲು ಹಾಕಿಕೊಂಡು, ಪೆನ್ನಿಗೆ ಹೊಸ ಶಾಯಿ ತುಂಬಿಕೊಂಡು, ಮೂರು ತಾಲೂಕು ಸೂರ್ಯಚಂದ್ರ ಸಮೇತ ಬರೆದದ್ದು ಸೊನ್ನೆ.

ಆ ಷರತ್ತು ಶೂನ್ಯ, ಜಗದೇವಿ ರೊಟ್ಟಿ ಮಾಡುತ್ತಾಳೆ ಎಂದು ನೋಟಿಸಿಗೆ ಉತ್ತರ ಕಳಿಸಿದೆ, ಮಲ್ಕಣ್ಣ ದಾವಾ ಹಾಕಿಯೇಬಿಟ್ಟರು. ಕರಾರಿನಂತೆ ಜಗದೇವಿ ರೊಟ್ಟಿ ಮಾಡದಂತೆ ಶಾಶ್ವತ ತಡೆಯಾಜ್ಞೆ ಬೇಕು, ದಾವಾ ಮುಗಿಯುವವರೆಗೆ ತಾತ್ಕಾಲಿಕವಾಗಿಯೂ ಬೇಕು ಎಂದು ಅರ್ಜಿ. ಸಹಿ ನಮ್ಮದೇ, ಕಾಗದ ನಿಜವಾದದ್ದೇ ಎಂದು ನಾವು ಮೊದಲೇ ಒಪ್ಪಿಕೊಂಡೆವು. ಹೀಗಾಗಿ ನಾನು ಸಾಕ್ಷಿ ಕಟಕಟೆ ಹತ್ತುವ ಪ್ರಸಂಗ ತಪ್ಪಿತು, ವಾದಿಸಲು ನಿಂತೆ. ಅಂದು ಆಳಂದದ ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ಕೇಸಿನ ವಕೀಲರು ತಮ್ಮ ಕಕ್ಷಿದಾರರನ್ನು ಹೊರಗೆ ನಿಲ್ಲಿಸಿ ಒಳಗೆ ಬಂದಿದ್ದರು. ಗುರುಬಾಯಿ, ನೀಲಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಲ್ಕಣ್ಣನ ಪರವಾಗಿ ಜೇವರ್ಗಿಯಿಂದ ಬಂದ ತರುಣ ವಕೀಲ ನನ್ನ ವಾಕ್ಯವನ್ನು ಎದ್ದು ನಿಂತು ಓದಿದ. ನಾನು ಬರೆದದ್ದನ್ನು ಅಷ್ಟು ಭಾವಪೂರ್ಣವಾಗಿ ಯಾರೂ ಓದಿರಲಿಲ್ಲ. ‘ಹಿಟ್ಟು, ನೀರು, ಬೆಂಕಿ’ ಬಂದಾಗ ನ್ಯಾಯಾಧೀಶರು ತಲೆ ಎತ್ತಿದರು. ‘ಸಲಹೆ’ ಬಂದಾಗ ಕನ್ನಡಕ ತೆಗೆದರು.

“ಸಲಹೆ ಕೂಡ ಕೊಡಬಾರದೇ? ಇದನ್ನು ಬರೆದವರು ಯಾರು?”

ತರುಣ ವಕೀಲ ನನ್ನ ಕಡೆ ನೋಡಿದ. ಎಲ್ಲ ವಕೀಲರೂ ನೋಡಿದರು. ನಾನು ಎದ್ದು, “ನಾನೇ, ಮಹಾಸ್ವಾಮಿ,” ಎಂದೆ. ನಗು ಹಿಂದಿನ ಬೆಂಚಿನಿಂದ ಶುರುವಾಗಿ ಮುಂದಕ್ಕೆ ಬಂತು. ನ್ಯಾಯಾಧೀಶರು, “ತಾವೇ ಬರೆದದ್ದಕ್ಕೆ ತಾವೇ ಏನೆನ್ನುತ್ತೀರಿ?” ಎಂದು ಕೇಳಿದರು.

ಆ ಗಳಿಗೆಯಲ್ಲಿ ನನಗೆ ಏನಾಯಿತೋ ಗೊತ್ತಿಲ್ಲ, ಸಂಕೋಚವೆಲ್ಲ ಹಾರಿಹೋಯಿತು. ಬೇರೆಯವರ ಕರಾರನ್ನು ಹರಿಯುವಾಗ ವಕೀಲನಿಗೆ ಎಲ್ಲಿ ದಾರ ಸಡಿಲಿದೆ ಎಂದು ಹುಡುಕಬೇಕಾಗುತ್ತದೆ. ಇಲ್ಲಿ ಹೊಲಿದವನೇ ನಾನು. ಒಂದೊಂದೇ ಶಬ್ದವನ್ನು ಎತ್ತಿ ತೋರಿಸಿದೆ. ‘ಸೂರ್ಯಚಂದ್ರರಿರುವವರೆಗೆ’ ಎನ್ನುವುದಕ್ಕಿಂತ ಅಸಮಂಜಸವಾದ ಅವಧಿ ಯಾವುದಿದೆ, ಮಹಾಸ್ವಾಮಿ? ‘ಅನ್ಯ ಯಾವುದೇ ಕಾರಣಕ್ಕಾಗಲಿ’ ಎಂದಿರುವುದರಿಂದ ಈಕೆ ತನ್ನ ಗಂಡನಿಗೂ ರೊಟ್ಟಿ ಹಾಕುವಂತಿಲ್ಲ. ಪರಿಣಾಮ ತಮ್ಮ ಮುಂದೆಯೇ ನಿಂತಿದೆ ಎಂದು ಸಡಿಲವಾದ ನನ್ನ ಪ್ಯಾಂಟನ್ನು ತೋರಿಸಿದೆ. ಮೂರು ತಾಲೂಕಿನಲ್ಲಿ ಜೋಳ ಬೆಳೆಯಬಹುದು, ಬೀಸಬಹುದು, ತಿನ್ನಬಹುದು, ಈಕೆಯೊಬ್ಬಳು ಮಾತ್ರ ಬಡಿಯಬಾರದು ಎಂದು ಬರೆದವನಿಗೆ ಕಾಯ್ದೆ ಗೊತ್ತಿತ್ತೇ ಎಂಬ ಪ್ರಶ್ನೆ ಏಳುತ್ತದೆ, ಗೊತ್ತಿತ್ತು, ಆದರೆ ಬುದ್ಧಿ ಇರಲಿಲ್ಲ ಎಂದೆ. ನನ್ನನ್ನು ನಾನೇ ಬೈದುಕೊಂಡಷ್ಟೂ ನನ್ನ ವಾದ ಬಲವಾಗುತ್ತಿತ್ತು. ಇಂಥ ಸುಖ ವಕೀಲಿಯಲ್ಲಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ತರುಣ ವಕೀಲ ಸುಮ್ಮನಿರಲಿಲ್ಲ. ಖಾನಾವಳಿಯ ಬಾಗಿಲಿಗೆ ಜಗದೇವಕ್ಕನ ಹೆಸರಿನ ಬೋರ್ಡು ಇತ್ತು, ಆಕೆ ತನ್ನ ಹೆಸರನ್ನೇ ನಮ್ಮ ಕಕ್ಷಿದಾರರಿಗೆ ಕೊಟ್ಟಿದ್ದಾರೆ, ಹೀಗಾಗಿ ತಡೆ ಹಾಕಬಹುದು ಎಂದ. ಜಾಣ ಹುಡುಗ, ಇದ್ದ ಒಂದೇ ಕಿಂಡಿಗೆ ಸರಿಯಾಗಿ ಕೈ ಹಾಕಿದ್ದ. ನಾನು, “ಬೋರ್ಡು ಬರೆಸಿದವರು ಅವರು. ಹೆಸರು ಮಾರಿದ ಒಂದು ಅಕ್ಷರವೂ ಕರಾರಿನಲ್ಲಿಲ್ಲ. ಇದ್ದಿದ್ದರೆ ಬರೆದವನಿಗೆ ಗೊತ್ತಿರುತ್ತಿತ್ತು,” ಎಂದೆ. ನ್ಯಾಯಾಧೀಶರು ಜಗದೇವಿಯ ಕಡೆ ತಿರುಗಿ, “ನೀವು ಇವರಿಗೆ ಏನು ಮಾರಿದಿರಿ, ತಾಯಿ?” ಎಂದು ಕೇಳಿದರು.

“ರೊಟ್ಟಿ ಮಾರೀನ್ರಿ ಸಾಹೇಬ್ರ,” ಎಂದಳು ಜಗದೇವಿ. ಎರಡೂ ಅಂಗೈ ಎತ್ತಿ ತೋರಿಸಿದಳು. “ಕೈ ಇಲ್ಲೇ ಅದಾವ.”

ಆದೇಶ ಬಂದ ದಿನ ನಾನು ಎರಡು ಸಲ ಓದಿಸಿಕೊಂಡೆ. ರೊಟ್ಟಿ ಮಾಡದಂತೆ ತಡೆಯುವ ಆ ಷರತ್ತು ಶೂನ್ಯ, ಶೂನ್ಯವಾದದ್ದನ್ನು ಆಧರಿಸಿ ತಡೆಯಾಜ್ಞೆ ಕೊಡಲು ಬರುವುದಿಲ್ಲ, ಅರ್ಜಿ ವಜಾ. ಕರಾರಿನ ಉಳಿದ ಭಾಗದಲ್ಲಿ ದೋಷವಿಲ್ಲ ಎಂದೂ ಒಂದು ಸಾಲಿತ್ತು. ಆ ಸಾಲನ್ನು ನಾನು ಮೂರು ಸಲ ಓದಿಕೊಂಡೆ. ಮುಂದೆ ಮಲ್ಕಣ್ಣ ದಾವೆಯನ್ನೇ ಹಿಂದಕ್ಕೆ ಪಡೆದರು. ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಗುರುಬಾಯಿ ಎಲ್ಲರೆದುರಿಗೆ ನನ್ನ ಕಾಲಿಗೆ ಬೀಳಲು ಬಂದಳು, ನಾನು ಬೇಡವೆಂದು ಹಿಂದೆ ಸರಿದು ಕಕ್ಷಿದಾರನೊಬ್ಬನ ಕಾಲು ತುಳಿದೆ. ವಕೀಲರ ಕೊಠಡಿಯಲ್ಲಿ ಗೆಳೆಯರು ಪೇಢೆ ಹಂಚಿದರು. “ನಿಮ್ಮ ಬಾಂಡ್ ಗೆದ್ದಾಗ ಒಮ್ಮೆನೂ ಪೇಢೆ ಸಿಕ್ಕಿಲ್ಲ, ಸೋತದ್ದಕ್ಕ ತಿಂದೀವಿ ನೋಡ್ರಿ,” ಎಂದರು. ಅನ್ನಲಿ ಬಿಡಿ. ನಾನು ಎದೆ ಉಬ್ಬಿಸಿಕೊಂಡೇ ಮನೆಗೆ ಬಂದೆ.

ಹಿತ್ತಲಲ್ಲಿ ಒಲೆಗಳೆಲ್ಲ ಉರಿಯುತ್ತಿದ್ದವು. ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಮಾತಾಡುತ್ತ ಬಡಿಯುತ್ತಿದ್ದರು. ಜಗದೇವಿ ನನಗೆ ಮಣೆ ಹಾಕಿ, ತಾಟು ಇಟ್ಟು, ಪುಂಡಿಪಲ್ಯ ಬಡಿಸಿ, ಅದರ ಮೇಲೆ ಎಣ್ಣೆ ಬಿಟ್ಟಳು. ಆಮೇಲೆ ಹಂಚಿನಿಂದ ಉಬ್ಬಿದ ರೊಟ್ಟಿಯನ್ನು ತೆಗೆದು ತಾಟಿನ ಮೇಲೆ ತಂದು, ಹಾಕದೆ ಹಾಗೆಯೇ ಹಿಡಿದುಕೊಂಡಳು. ಆವಿ ನನ್ನ ಮುಖಕ್ಕೆ ಬಡಿಯುತ್ತಿತ್ತು.

“ಒಂದು ಮಾತು ಒಪ್ಕೋರಿ, ಹಾಕ್ತೇನಿ.”

“ಏನದು?”

“ಇನ್ನ ಮ್ಯಾಲ ರೊಟ್ಟಿ ಬಾಬತ್ತಿನ್ಯಾಗ ನೀವು ಯಾರಿಗೂ ಒಂದು ಅಕ್ಷರ ಬರದು ಕೊಡಬಾರದು. ಆಳಂದದಾಗೂ ಇಲ್ಲ, ಅಫಜಲಪುರದಾಗೂ ಇಲ್ಲ, ಜೇವರ್ಗ್ಯಾಗೂ ಇಲ್ಲ.” ಸ್ವಲ್ಪ ಯೋಚಿಸಿ ಸೇರಿಸಿದಳು, “ಯಡ್ರಾಮ್ಯಾಗೂ ಇಲ್ಲ.”

ನಾನು ಕರಾರು ಬರೆದೇ ಬದುಕುವವನು. ಬರೆಯಬೇಡ ಎಂದರೆ ನನ್ನ ನ್ಯಾಯಸಮ್ಮತ ವೃತ್ತಿಗೆ ನೇರವಾದ ತಡೆ. ಅದೇ ಇಪ್ಪತ್ತೇಳನೆಯ ಕಲಮಿನ ಪ್ರಕಾರ ಪೂರ್ತಿ ಶೂನ್ಯ. ಶಾಯಿ ಆರದ ಆದೇಶ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಅಷ್ಟೇ ಅಲ್ಲ, ಹಸಿದವನ ಮೂಗಿನ ಮುಂದೆ ಬಿಸಿ ರೊಟ್ಟಿ ಹಿಡಿದು ಪಡೆಯುವ ಒಪ್ಪಿಗೆ ಸ್ವಇಚ್ಛೆಯ ಒಪ್ಪಿಗೆಯೇ ಅಲ್ಲ. ಅವಧಿ ಹೇಳಿಲ್ಲ, ಸಾಕ್ಷಿಯಿಲ್ಲ, ಸ್ಟಾಂಪಿಲ್ಲ. ಒಂದೇ ಕರಾರಿನಲ್ಲಿ ಇಷ್ಟೊಂದು ದೋಷಗಳನ್ನು ನಾನು ನನ್ನ ವಕೀಲಿಯಲ್ಲೇ ಕಂಡಿರಲಿಲ್ಲ. ಇದನ್ನೆಲ್ಲ ವಿವರವಾಗಿ ಹೇಳಬೇಕೆಂದು ಬಾಯಿ ತೆರೆದೆ.

“ಆಗ್ಲಿ,” ಎಂದೆ.

ಮೊನ್ನೆ ಮಲ್ಕಣ್ಣ ಬಂದಿದ್ದರು. ಮಷೀನನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಹಳೆಯದೆಲ್ಲ ಮರೆತು ಮತ್ತೆ ರೊಟ್ಟಿ ಬೇಕೆಂದು ಕೈಮುಗಿದರು. ಜಗದೇವಿ ಒಪ್ಪಿಕೊಂಡಳು. ಮಲ್ಕಣ್ಣ ಚೀಲದಿಂದ ಹೊಸ ಬಾಂಡ್ ಪೇಪರ್ ತೆಗೆದು ನನ್ನ ಮುಂದೆ ಹರವಿ, “ವಕೀಲಸಾಬ್ರ, ಈ ಸಲ ಶೂನ್ಯ ಆಗದಂಗ ಬರೀರಿ. ನಿಮ್ಮಂಗ ಬರಿಯೋರು ಯಾರದಾರ್ರಿ?” ಎಂದರು. ನನ್ನ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. ಎಷ್ಟು ಚಂದದ ಒಂದು ವಾಕ್ಯ ಆಗಲೇ ತಲೆಯಲ್ಲಿ ಮೂಡಿತ್ತು! ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಮ್ಮೆಲೇ ನಿಂತಿತು. ಜಗದೇವಿ ಕಿವಿಗೊಟ್ಟು ಕೇಳುತ್ತಿದ್ದಳು.

ನಾನು ಪೆನ್ನು ಬಿಟ್ಟು ಕೈ ಹೊರಗೆ ತೆಗೆದೆ. “ಅಕ್ಕೋರನ್ನ ಕೇಳ್ರಿ ಮಲ್ಕಣ್ಣನೋರ,” ಎಂದೆ, “ನಂಗ ಬರೀಲಾಕ ಬರಂಗಿಲ್ಲ.”